ದೂರ ನಿಂತರೂ ಹತ್ತಿರ

ಮದುವೆಮನೆಯಲ್ಲಿ ಛಾಯಾಗ್ರಾಹಕರ ಕೈಯಲ್ಲಿ ಉದ್ದನೆಯ ಬಿಳಿ ಲೆನ್ಸ್ ನೋಡಿದ್ದೀರಲ್ಲ, ಮಕ್ಕಳೇ? ಅದು ಕ್ಯಾನನ್ ಕಂಪನಿಯ 70-200 ಮಿಲಿಮೀಟರ್ ಝೂಮ್ ಇದ್ದೀತು. ಬಿಸಿಲಿನ ಕಾವು ಒಳಗಿನ ಗಾಜುಗಳಿಗೆ ತಟ್ಟದಿರಲೆಂದೇ ಆ ಬಿಳಿ ಬಣ್ಣ.

ಮದುವೆ ಚಿತ್ರ ತೆಗೆಯುವವರಿಗೆ ಇದು ಅಚ್ಚುಮೆಚ್ಚು. ನಿಂತಲ್ಲೇ ನಿಂತು 70ರಲ್ಲಿ ವಧೂವರರಿಬ್ಬರನ್ನೂ, 200ರಲ್ಲಿ ವಧುವಿನ ಕಣ್ಣಂಚಿನ ನೀರನ್ನೂ ಹಿಡಿಯಬಹುದು. ಎಫ್ 2.8 ಎಂಬ ದೊಡ್ಡ ಕಿಂಡಿಯಿಂದ ಮಂದ ಬೆಳಕಿನಲ್ಲೂ ಚಿತ್ರ ಸ್ಪಷ್ಟ. 'ಆದರೆ ಭಾರ!' ಎಂಬುದು ಅವರ ದೂರು. 2010ರ ಮಾದರಿಯ ತೂಕ ಸುಮಾರು ಒಂದೂವರೆ ಕಿಲೋ. ಅದರಲ್ಲಿ ಕೈನಡುಕ ಸರಿದೂಗಿಸುವ ವ್ಯವಸ್ಥೆಯಿದೆ, ಅಜ್ಜಂದಿರಿಗೆ ಅನುಕೂಲ. ಓಡುವ ಮೊಮ್ಮಗನ ಚಿತ್ರ ಮಸುಕಾಗುವುದನ್ನು ಮಾತ್ರ ಅದು ತಡೆಯಲಾರದು. ಅದಕ್ಕೆ ಶಟರ್ ವೇಗ ಹೆಚ್ಚಿಸಬೇಕು.

ಹಕ್ಕಿಗಳ ಹಿಂದೆ ಬಿದ್ದವರು '200 ಸಾಲದು' ಅನ್ನುತ್ತಾರೆ. ರಂಗನತಿಟ್ಟಿನ ದೋಣಿಯಿಂದ ದೊಡ್ಡ ಕೊಕ್ಕರೆ ಚೆನ್ನಾಗಿಯೇ ಸಿಕ್ಕೀತು. ಪುಟ್ಟ ಮಿಂಚುಳ್ಳಿ ಚುಕ್ಕಿಯಂತೆ ಕಂಡೀತು. ಹಾಗೆಂದು ಗೂಡಿನ ಹತ್ತಿರ ಹೋಗಬಾರದು. ತಾಯಿಹಕ್ಕಿ ಬೆದರಿ ಹಾರಿದರೆ ಮೊಟ್ಟೆಗಳು ಬಿಸಿಲಿಗೆ, ಕಾಗೆಗೆ ಈಡು. ಚಿತ್ರ ಚಿಕ್ಕದಾದರೆ ಆಗಲಿ, ಹಕ್ಕಿ ಕೂತಲ್ಲೇ ಕೂತಿರಲಿ.