ವಿಲೀನವೋ, ಹೊಂದಾಣಿಕೆಯೋ: ಅರಸಾಳು ಕಲಿಸುವ ರೈಲು ಪಾಠ

ರೈಲ್ವೆ ಸಂಸ್ಥೆಗಳು ಒಂದಾದರೆ ಸರಕು ಸಾಗಣೆ ಸಲೀಸಾಗುತ್ತದೆಯೇ, ಬೇರೆ ಬೇರೆಯಾಗಿದ್ದೇ ಹೊಂದಿಕೊಂಡು ಹೋದರೆ ಸಾಲದೇ? ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ಪ್ರಸ್ತಾವ ಕರಾವಳಿಯಲ್ಲಿ ಈ ಚರ್ಚೆಯನ್ನು ಬಿಸಿಯಾಗಿಟ್ಟಿದೆ. ಘಟ್ಟದ ಮೇಲಿನ ಸಾಗರ, ಹೊಸನಗರ ತಾಲ್ಲೂಕುಗಳು ಇದರ ಒಂದು ಪಾಠವನ್ನು ಹಿಂದೆಯೇ ಕಂಡಿವೆ.

ಈ ತಾಲ್ಲೂಕುಗಳನ್ನು ಹಾದುಹೋಗುವ ಶಿವಮೊಗ್ಗ–ತಾಳಗುಪ್ಪ ಮಾರ್ಗ ಮೈಸೂರು ಸಂಸ್ಥಾನದ ರೈಲ್ವೆಯ ಕೊಡುಗೆ. 1951ರ ಏಪ್ರಿಲ್ 14ರಂದು ಆ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. 2003ರಲ್ಲಿ ಮಾರ್ಗ ಹುಬ್ಬಳ್ಳಿ ಕೇಂದ್ರವಾದ ನೈರುತ್ಯ ರೈಲ್ವೆಗೆ ಸೇರಿತು. ಯಜಮಾನಿಕೆ ಎರಡು ಸಲ ಬದಲಾದರೂ ಹಳಿ ಮೀಟರ್‌ಗೇಜ್ ಆಗಿಯೇ ಇತ್ತು. 1,000 ಮಿ.ಮೀ. ಹಳಿಯ ಮೇಲೆ 1,676 ಮಿ.ಮೀ. ಬ್ರಾಡ್‌ಗೇಜ್ ವ್ಯಾಗನ್ ಓಡದು; ಎರಡೂ ಕೂಡುವಲ್ಲಿ ಸರಕು ಇಳಿಸಿ ಮತ್ತೆ ಹೇರಲೇಬೇಕು. ಗೇಜ್ ಪರಿವರ್ತನೆಯಾದ ಮೇಲಷ್ಟೇ ಈ ತೊಡಕು ನೀಗಿತು.

ಆ ವ್ಯತ್ಯಾಸ ಕಣ್ಣಿಗೆ ಕಟ್ಟುವುದು ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆರಿಸಿಕೊಂಡ ನಿಲ್ದಾಣವಿದು. ಪಾಳುಬಿದ್ದಿದ್ದ ಹೆಂಚಿನ ಮಾಡಿನ ಪುಟ್ಟ ಕಟ್ಟಡವನ್ನು, ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಯಲ್ಲೇ ರೈಲ್ವೆ ಇಲಾಖೆ ಮಾಲ್ಗುಡಿ ಮ್ಯೂಸಿಯಂ ಆಗಿ ರೂಪಿಸಿತು. ಹಳೆಯ ಮೀಟರ್‌ಗೇಜ್ ಬೋಗಿಯೊಂದು ಅಲ್ಲಿ ಚಹಾ ಅಂಗಡಿಯಾಗಿದೆ. ಪಕ್ಕದ ಬ್ರಾಡ್‌ಗೇಜ್ ಹಳಿಯ ಮುಂದೆ ಆ ಬೋಗಿ ಎಷ್ಟು ಸಪೂರ!

ಕೊಂಕಣ ರೈಲ್ವೆಯ ಕಥೆ ಬೇರೆ. 1990ರಲ್ಲಿ ಕೇಂದ್ರ ಮತ್ತು ನಾಲ್ಕು ರಾಜ್ಯಗಳ ಬಂಡವಾಳದಿಂದ ಹುಟ್ಟಿದ ಈ ನಿಗಮದಲ್ಲಿ ಕರ್ನಾಟಕಕ್ಕೂ ಪಾಲಿದೆ. ರೋಹಾದಿಂದ ತೋಕೂರಿನವರೆಗಿನ ಅದರ ಹಳಿ ಎರಡೂ ತುದಿಯಲ್ಲಿ ಭಾರತೀಯ ರೈಲ್ವೆಗೆ ಕೂಡುತ್ತದೆ; ರೈಲುಗಳು ಗಡಿ ದಾಟಿ ಓಡುತ್ತವೆ. 1999ರಲ್ಲಿ ಆರಂಭವಾದ ರೋರೋ ಸೇವೆ ಅದರ ಹೆಮ್ಮೆ: ಸರಕು ತುಂಬಿದ ಲಾರಿ ಚಪ್ಪಟೆ ವ್ಯಾಗನ್ ಏರಿ ನಿಲ್ಲುತ್ತದೆ, ಚಾಲಕ ಲಾರಿಯಲ್ಲೇ ಕುಳಿತು ಸುರತ್ಕಲ್‌ನಿಂದ ಕೋಲಾಡ್‌ವರೆಗೆ ಸಾಗುತ್ತಾನೆ. ಇಂಥ ಉಪಾಯಕ್ಕೆ ವಿಲೀನ ಬೇಕಾಗಲಿಲ್ಲ. ಆದರೆ ಜೋಡಿಮಾರ್ಗದ ಖರ್ಚು ಭರಿಸುವ ಶಕ್ತಿ ನಿಗಮಕ್ಕಿಲ್ಲ. 2025ರಲ್ಲಿ ಮಹಾರಾಷ್ಟ್ರವೂ ವಿಲೀನಕ್ಕೆ ಸಮ್ಮತಿಸಲು, ಉಳಿದ ರಾಜ್ಯಗಳು ಮೊದಲೇ ಒಪ್ಪಲು ಇದೇ ಮುಖ್ಯ ಕಾರಣ.

ಅಮೆರಿಕದಲ್ಲೂ ಇದೇ ವಾದ. 2025ರ ಜುಲೈನಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ನಾರ್ಫೋಕ್ ಸದರ್ನ್ ರೈಲ್ವೆ ಕಂಪನಿಗಳು ವಿಲೀನ ಘೋಷಿಸಿದವು. ಮರುತಿಂಗಳೇ ಬಿಎನ್‌ಎಸ್‌ಎಫ್ ಮತ್ತು ಸಿಎಸ್‌ಎಕ್ಸ್ ರೈಲ್ವೆಗಳು ವಿಲೀನವಾಗದೆ ಜೊತೆಗೂಡಿ ಕಂಟೇನರ್ ಸೇವೆ ನಡೆಸುವುದಾಗಿ ಹೇಳಿದವು. ವಿಲೀನದ ಅಪಾಯಕ್ಕೆ ಅಲ್ಲೇ ಸಾಕ್ಷಿಯಿದೆ: 1968ರಲ್ಲಿ ರೈಲ್ವೆಗಳು ಒಂದಾಗಿ ಹುಟ್ಟಿದ ಪೆನ್ ಸೆಂಟ್ರಲ್ 1970ರಲ್ಲಿ ದಿವಾಳಿಯಾಯಿತು. 1996ರಲ್ಲಿ ಸದರ್ನ್ ಪೆಸಿಫಿಕ್ ಅನ್ನು ನುಂಗಿದ ಯೂನಿಯನ್ ಪೆಸಿಫಿಕ್‌ನ ಸರಕು ರೈಲುಗಳು ಮರುವರ್ಷ ಟೆಕ್ಸಾಸ್‌ನಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದವು.

ಓಡಾಟ ಸುಗಮವಾಗಲು ಒಂದೇ ಗೇಜ್, ಕೂಡುವ ಹಳಿ, ಕರಾರಿಗೆ ಬದ್ಧರಾಗುವ ಎರಡು ಸಂಸ್ಥೆಗಳು ಸಾಕು. ಹೊಸ ಹಳಿಗೆ ಬಂಡವಾಳ ಹುಟ್ಟದ ಕಡೆ ಮಾತ್ರ ವಿಲೀನಕ್ಕೆ ಅರ್ಥವಿದೆ. ಕೊಂಕಣ ರೈಲ್ವೆ ನಿಂತಿರುವುದು ಅಲ್ಲಿ. ಹಳಿಯೇ ಇಲ್ಲದೆಡೆ ವಿಲೀನ, ಹೊಂದಾಣಿಕೆ ಎರಡೂ ನಿಷ್ಪ್ರಯೋಜಕ. ತೀರ್ಥಹಳ್ಳಿಗೆ ಇಂದಿಗೂ ರೈಲಿಲ್ಲ, ಅಲ್ಲಿನ ಅಡಿಕೆಗೆ ಲಾರಿಯೇ ಗತಿ. ತಾಳಗುಪ್ಪದಲ್ಲಿ ನಿಂತುಹೋದ ಮಾರ್ಗ ಘಟ್ಟ ಇಳಿದು ಹೊನ್ನಾವರದಲ್ಲಿ ಕೊಂಕಣ ಹಳಿಯನ್ನು ಕೂಡಬೇಕೆಂಬ ಬೇಡಿಕೆ ಹಳೆಯದು. ವಿಲೀನದ ಲಾಭ ಮಲೆನಾಡಿಗೂ ಸಿಗಬೇಕಾದರೆ ಮೊದಲು ಕಟ್ಟಬೇಕಾದದ್ದು ಆ ಕೊಂಡಿ.