ಮುನ್ನೂರು ಜನರ ಜಯ

ಸಂಖ್ಯಾಬಲವೇ ಬಲವೆಂದು ಲೋಕವು ನಂಬಿರುವುದು. ಆದರೆ ಕೂಡಿಬಂದ ಜನವನ್ನು ಬೇಕೆಂದೇ ಕಳೆಯುತ್ತ ಹೋಗಿ, ಉಳಿದ ಅಲ್ಪಸ್ವಲ್ಪದಿಂದಲೇ ಗೆದ್ದ ಒಂದು ಯುದ್ಧದ ವೃತ್ತಾಂತವು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿದೆ. ‘ನ್ಯಾಯಸ್ಥಾಪಕರು’ ಎಂಬ ಗ್ರಂಥದ 6ರಿಂದ 8ನೆಯ ಅಧ್ಯಾಯಗಳವರೆಗೆ ಬರುವ ಈ ಗಿದ್ಯೋನನ ಕಥೆಯು ಯಾವ ಮತದವರಿಗಾದರೂ ಮನನಯೋಗ್ಯವೆಂದು ನಾವು ಭಾವಿಸುತ್ತೇವೆ.

ಇಸ್ರಾಯೇಲ್ಯರು ಅರಸರಿಲ್ಲದೆ ಕುಲಕುಲಗಳಾಗಿ ಬಾಳುತ್ತಿದ್ದ ಕಾಲವದು. ಮಿದ್ಯಾನ್ಯರು ಏಳು ವರ್ಷ ಒಂಟೆಗಳ ಹಿಂಡಿನೊಡನೆ ಬಂದು, ಬಿತ್ತಿದ ಬೆಳೆಯನ್ನೂ ಸಾಕಿದ ದನಕುರಿಗಳನ್ನೂ ಕೊಳ್ಳೆಹೊಡೆದರು. ಗಿದ್ಯೋನನು ವೈರಿಗಳ ಕಣ್ಣು ತಪ್ಪಿಸಿ, ದ್ರಾಕ್ಷಿ ತುಳಿಯುವ ತೊಟ್ಟಿಯ ಮರೆಯಲ್ಲಿ ಗೋಧಿ ಬಡಿಯುತ್ತಿದ್ದನು. ದೇವರ ಕರೆ ಬಂದಾಗ, ತನ್ನ ಮನೆತನವು ಬಡದು, ಅದರಲ್ಲಿ ತಾನು ಅತ್ಯಲ್ಪನು ಎಂದು ಹಿಂದೆಗೆದನು. ಅವನಿಗೆ ವಿಧಿಸಲ್ಪಟ್ಟ ಮೊದಲ ಕಾರ್ಯವು ಯುದ್ಧವಲ್ಲ. ತಂದೆಯ ಮನೆಯಲ್ಲಿದ್ದ ಬಾಳನ ಬಲಿಪೀಠವನ್ನು ಕೆಡಹುವುದು. ಅದನ್ನೂ ಅವನು ಅಂಜಿಕೊಂಡು ರಾತ್ರಿಯಲ್ಲಿಯೇ ಮಾಡಿದನು. ಅಂಜಿದನು, ಆದರೆ ಮಾಡಿದನು. ಹೊರಗಿನ ಹಗೆಯನ್ನು ಗೆಲ್ಲಹೊರಟವನು ಮೊದಲು ತನ್ನ ಮನೆಯನ್ನು ಶುದ್ಧಿಗೊಳಿಸಬೇಕೆಂಬುದು ಇಲ್ಲಿಯ ಮೊದಲ ಪಾಠ.

ಹರೋದಿನ ಬುಗ್ಗೆಯ ಬಳಿ 32,000 ಜನ ನೆರೆದರು. ಇಷ್ಟು ಜನ ಗೆದ್ದರೆ ತಮ್ಮ ಕೈಯೇ ತಮ್ಮನ್ನು ಕಾಯಿತೆಂದು ಉಬ್ಬಿಯಾರು ಎಂಬುದು ದೇವರ ಮಾತು. ಅಂಜುವವರು ಹೋಗಬಹುದೆನ್ನಲು 22,000 ಜನ ಮನೆಗೆ ತೆರಳಿದರು. ಅವರನ್ನು ಯಾರೂ ಹಳಿಯಲಿಲ್ಲವೆಂಬುದು ಗಮನಾರ್ಹ. ಉಳಿದ 10,000 ಜನರಲ್ಲಿ ನೀರನ್ನು ಬೊಗಸೆಯಲ್ಲಿ ಬಾಯಿಗೆ ತಂದು ನೆಕ್ಕಿದ 300 ಮಂದಿ ಮಾತ್ರ ಆಯ್ಕೆಯಾದರು. ಇದಿರಿಗಿದ್ದ ಸೈನ್ಯವೋ, ಗ್ರಂಥದ ಲೆಕ್ಕದಂತೆ 1,35,000!

ಆ ರಾತ್ರಿ ಗಿದ್ಯೋನನು ಶತ್ರುಗಳ ಪಾಳೆಯದ ಅಂಚಿಗೆ ಹೋಗಿ, ಒಬ್ಬ ಸೈನಿಕನು ಹೇಳುತ್ತಿದ್ದ ಕನಸನ್ನು ಕೇಳಿದನು. ಜವೆಯ ರೊಟ್ಟಿಯೊಂದು ಉರುಳಿಬಂದು ಗುಡಾರವನ್ನೇ ಕೆಡಹಿತಂತೆ. ಜವೆಯ ರೊಟ್ಟಿ ಬಡವರ ಆಹಾರ. ಅದೇ ಗಿದ್ಯೋನನ ಕತ್ತಿಯೆಂದು ಕೇಳಿದವನು ಅರ್ಥ ಹೇಳಿದನು. ಬಳಿಕ ಮುನ್ನೂರು ಜನರು ಮೂರು ಗುಂಪಾಗಿ ಪಾಳೆಯವನ್ನು ಸುತ್ತುವರಿದು, ಕೊಂಬೂದಿ, ಕೈಯ ಕೊಡಗಳನ್ನು ಒಡೆದು, ಒಳಗೆ ಅಡಗಿಸಿದ್ದ ಪಂಜುಗಳನ್ನು ಎತ್ತಿಹಿಡಿದರು. ನಡುರಾತ್ರಿಯ ಗಾಬರಿಯಲ್ಲಿ ಮಿದ್ಯಾನ್ಯರು ತಮ್ಮತಮ್ಮವರನ್ನೇ ಇರಿದು ಓಡಿದರು. ಮಣ್ಣಿನ ಕೊಡವು ಒಡೆದಲ್ಲದೆ ಒಳಗಿನ ಬೆಳಕು ಹೊರಗೆ ಕಾಣದು. ‘ನಾನು’ ಎಂಬ ಕೊಡವೂ ಅಂತಹದೇ ಅಲ್ಲವೆ?

ಆದರೆ ಕಥೆಯನ್ನು ಇಲ್ಲಿಗೇ ಮುಗಿಸಿದರೆ ಪಾಠವು ಅರ್ಧವಾದೀತು. ಯೋರ್ದನ್ ಹೊಳೆಯನ್ನು ದಾಟಿ ಬೆನ್ನಟ್ಟುತ್ತಿದ್ದ ಆ ಮುನ್ನೂರು ಜನರು ಹಸಿದು ಬಳಲಿದ್ದರು. ಸುಕ್ಕೋತಿನ ಮುಖಂಡರಲ್ಲಿ ಗಿದ್ಯೋನನು ರೊಟ್ಟಿ ಬೇಡಿದನು. ಅವನು ಇನ್ನೂ ಗೆದ್ದಿಲ್ಲವೆಂಬ ಲೆಕ್ಕಾಚಾರದಿಂದ ಅವರು ಕೊಡಲಿಲ್ಲ, ಪೆನೂವೇಲಿನವರೂ ಕೊಡಲಿಲ್ಲ. ಹಸಿದವನಿಗೆ ಅನ್ನವಿಡುವ ವೃತ್ತಿಯವರಾದ ನಮ್ಮ ಓದುಗ ಬಂಧುಗಳಿಗೆ ಈ ನಿರಾಕರಣೆಯ ಕ್ರೌರ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಗೆದ್ದು ಮರಳಿದ ಗಿದ್ಯೋನನು ಸುಕ್ಕೋತಿನ 77 ಮಂದಿ ಹಿರಿಯರನ್ನು ಹಿಡಿದು ಮುಳ್ಳುಗಳಿಂದ ದಂಡಿಸಿದನು; ಪೆನೂವೇಲಿನ ಗೋಪುರವನ್ನು ಕೆಡಹಿ ಊರ ಗಂಡಸರನ್ನು ಕೊಲ್ಲಿಸಿದನು. ಅನ್ನವಿಲ್ಲೆಂದುದು ತಪ್ಪು, ಅದಕ್ಕೆ ಕೊಟ್ಟ ಶಿಕ್ಷೆಯು ಅದಕ್ಕಿಂತ ದೊಡ್ಡ ತಪ್ಪು. ದ್ರಾಕ್ಷಿತೊಟ್ಟಿಯ ಮರೆಯ ಆ ವಿನೀತನೆಲ್ಲಿ, ಈ ವಿಜಯಿಯೆಲ್ಲಿ!

ಜನರು ಅವನನ್ನು ಅರಸನಾಗೆಂದು ಕೇಳಿಕೊಂಡರು. ಆಳತಕ್ಕವನು ದೇವರೇ ಎಂದು ಅವನು ಒಲ್ಲೆನೆಂದನು. ಇದು ಮಹತ್ತರವಾದ ಮಾತು. ಆದರೆ ಅದೇ ಬಾಯಿಂದ ಕೊಳ್ಳೆಯ ಕಿವಿಯುಂಗುರಗಳನ್ನೂ ಬೇಡಿ, 1,700 ಶೆಕೆಲ್ ತೂಕದ ಆ ಬಂಗಾರದಿಂದ ‘ಏಫೋದ್’ ಎಂಬ ಪೂಜಾವಸ್ತುವನ್ನು ಮಾಡಿಸಿ ತನ್ನೂರಿನಲ್ಲಿಟ್ಟನು. ಜನರು ದೇವರನ್ನು ಬಿಟ್ಟು ಅದಕ್ಕೆ ಮರುಳಾದರು. ಅವನ ಮನೆತನಕ್ಕೂ ಅದು ಉರುಲಾಯಿತು. ತಂದೆಯ ಮನೆಯ ವಿಗ್ರಹಪೀಠವನ್ನು ಕೆಡಹಿದವನೇ ಮತ್ತೊಂದನ್ನು ನಿಲ್ಲಿಸಿದಂತಾಯಿತು. ನಾಡಿಗೆ 40 ವರ್ಷ ಶಾಂತಿಯಿದ್ದಿತು. ಅವನು ಸತ್ತ ಮೇಲೆ ಮಗನಾದ ಅಬೀಮೆಲೆಕನು ಅಧಿಕಾರಕ್ಕಾಗಿ ತನ್ನ ಅಣ್ಣತಮ್ಮಂದಿರನ್ನೇ ಕೊಲ್ಲಿಸಿದನು.

ಈ ಗ್ರಂಥವು ತನ್ನ ವೀರನ ದೋಷವನ್ನು ಮರೆಮಾಚುವುದಿಲ್ಲ. ಅದರಿಂದಲೇ ಅದರ ಬೋಧೆಗೆ ಬೆಲೆ. ಕೈ ಬರಿದಾಗಿದ್ದಾಗ ದೇವರನ್ನು ನಂಬುವುದು ಕಷ್ಟವಾದರೂ ಸಾಧ್ಯ. ಕೈ ತುಂಬಿದ ಮೇಲೆ ನಂಬಿ ನಡೆಯುವುದೇ ನಿಜವಾದ ಪರೀಕ್ಷೆ. ಸಂಬಳ ಏರಿದಾಗ, ನಾಲ್ಕು ಜನರ ಮೇಲೆ ಅಧಿಕಾರ ದೊರೆತಾಗ, ಸ್ವಂತ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ ನಾವೆಲ್ಲರೂ ಗಿದ್ಯೋನನನ್ನು ನೆನೆಯೋಣ. ಮಿದ್ಯಾನ್ಯರನ್ನು ಗೆಲ್ಲಲು ಅವನಿಗೆ ಒಂದು ರಾತ್ರಿ ಸಾಕಾಯಿತು. ತನ್ನನ್ನು ಗೆಲ್ಲಲು ನಾಲ್ವತ್ತು ವರ್ಷಗಳೂ ಸಾಲಲಿಲ್ಲ.