ಮೂತಿಹುಳುವಿನ ಜಾತಕ

ಹೈದರಾಬಾದಿಗೆ ಬಂದು ಎಷ್ಟೇ ವರ್ಷವಾಗಿರಲಿ, ಸಿಂಧನೂರು ಕಡೆಯ ಸೋನಾ ಮಸೂರಿ ಮನೆಗೆ ಬಂದರೆ ಊರೇ ಬಂದಂತೆ, ಅಲ್ಲವೇ? ಆದರೆ ಮಳೆಗಾಲದಲ್ಲಿ ಮೂಟೆ ಬಿಚ್ಚಿದರೆ ಕರೆಯದ ಅತಿಥಿಯೊಬ್ಬ ಹೊರಬರುತ್ತಾನೆ. ಎಳ್ಳಿನಷ್ಟು ಮೈ, ಮುಂದೆ ಪುಟ್ಟ ಸೊಂಡಿಲು. ಇವನೇ ಅಕ್ಕಿಯ ಮೂತಿಹುಳು.

ಇವನ ದಾಯಾದಿಯೊಬ್ಬ ಕೊಡಗಿನ ಕಾಫಿ ತೋಟದಲ್ಲಿದ್ದಾನೆ, ಹೆಸರು ಕಾಯಿಕೊರಕ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಕೊಡಗಿಗೂ ಕಾಲಿಟ್ಟ. ಉದ್ದ ಸೊಂಡಿಲಿಲ್ಲದಿದ್ದರೂ ಬಳಗ ಒಂದೇ.

ಈಗ ಇಬ್ಬರ ಜಾತಕ ನೋಡೋಣ. ಪ್ರತಿ ಜೀವಿಯ ಜಾತಕವೂ ಅದರ ಜೀವಕೋಶದಲ್ಲಿ ಡಿಎನ್‌ಎ ಅಕ್ಷರಗಳಲ್ಲಿ ಬರೆದಿರುತ್ತದೆ. ಆ ಇಡೀ ಬರಹವೇ ಜೀನೋಮ್. ಬರಹವನ್ನು ಸುತ್ತಿಟ್ಟ ಕಟ್ಟುಗಳೇ ಕ್ರೋಮೋಸೋಮ್. ನಮ್ಮಲ್ಲಿ 46 ಕಟ್ಟು, ಅಕ್ಕಿಹುಳುವಿಗೆ 22, ಕಾಯಿಕೊರಕಕ್ಕೆ 14.

ಅಕ್ಷರಗಳ ಲೆಕ್ಕ ಇನ್ನೂ ಸ್ವಾರಸ್ಯ. 2015ರಲ್ಲಿ ಪ್ರಕಟವಾದ ಕಾಯಿಕೊರಕದ ಜೀನೋಮಿನಲ್ಲಿ ಸುಮಾರು 16 ಕೋಟಿ ಅಕ್ಷರ. 2021ರಲ್ಲಿ ಬಂದ ಅಕ್ಕಿಹುಳುವಿನದರಲ್ಲಿ ಸುಮಾರು 77 ಕೋಟಿ! ಅದು ತಿನ್ನುವ ಅಕ್ಕಿಗೇ ಇರುವುದು ಸುಮಾರು 39 ಕೋಟಿ. ಅನ್ನಕ್ಕಿಂತ ಹುಳುವಿನ ಬರಹವೇ ಎರಡು ಪಟ್ಟು ಉದ್ದ!

ಹಾಗಾದರೆ ಅಕ್ಕಿಹುಳು ಐದು ಪಟ್ಟು ಜಾಣನೇ? ಇಲ್ಲ. ಕೆಲಸಕ್ಕೆ ಬರುವ ಜೀನ್‌ಗಳು ಇಬ್ಬರಲ್ಲೂ 20 ಸಾವಿರದ ಒಳಗೇ. ಉಳಿದದ್ದರಲ್ಲಿ ಬಹುಪಾಲು 'ನೆಗೆಯುವ' ಡಿಎನ್‌ಎ ತುಣುಕುಗಳು. ಇವು ತಮ್ಮದೇ ನಕಲು ಮಾಡಿಕೊಂಡು ಅಲ್ಲಲ್ಲಿ ಹೋಗಿ ಕೂರುತ್ತವೆ. ಕೆಟ್ಟುಹೋದ ಕ್ಯಾಸೆಟ್ಟು ಒಂದೇ ಪಲ್ಲವಿಯನ್ನು ಹಾಡಿದ್ದೇ ಹಾಡಿದಂತೆ! ಅಕ್ಕಿಹುಳುವಿನ ಬರಹದ ಮುಕ್ಕಾಲು ಭಾಗದಷ್ಟು ಇಂಥದ್ದೇ.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವುದು ಕಾಯಿಕೊರಕಕ್ಕೆ ಚೆನ್ನಾಗಿ ಒಪ್ಪುತ್ತದೆ, ಅಪಕೀರ್ತಿ ಎನ್ನಬೇಕಷ್ಟೆ. ಇದರ ಗಂಡು ಮಕ್ಕಳಿಗೆ ದಾಟಿಸುವುದು ತಾಯಿಯಿಂದ ಬಂದ ಕಟ್ಟುಗಳನ್ನು ಮಾತ್ರ. ತಂದೆಯ ಕಟ್ಟುಗಳು ಮುದುಡಿ ಮೂಲೆಗುಂಪಾಗುತ್ತವೆ. ಸಾಲದ್ದಕ್ಕೆ ಒಂದೇ ಕಾಯಿಯೊಳಗೆ ಒಡಹುಟ್ಟಿದವೇ ಕೂಡುತ್ತವೆ. ಹಾಗಾಗಿ ಕೀಟನಾಶಕವನ್ನು ತಾಳಿಕೊಳ್ಳುವ ಗುಣ ಒಮ್ಮೆ ಹುಟ್ಟಿತೆಂದರೆ ಬೇಗ ಹರಡುತ್ತದೆ. ನ್ಯೂ ಕ್ಯಾಲೆಡೋನಿಯಾ ದ್ವೀಪದ ತೋಟಗಳಲ್ಲಿ ಎಂಡೋಸಲ್ಫಾನ್ ಸೋತದ್ದರ ಹಿಂದಿನ ಈ ಗುಟ್ಟನ್ನು ವಿಜ್ಞಾನಿಗಳು 1995ರಲ್ಲಿ ಬಿಚ್ಚಿಟ್ಟರು. ಅದೇ ಎಂಡೋಸಲ್ಫಾನ್ ಕಾಸರಗೋಡಿನ ಜನರನ್ನು ಎಷ್ಟು ನರಳಿಸಿತೆಂದು ನಿಮಗೆ ಗೊತ್ತೇ ಇದೆ. 2011ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅದನ್ನು ತಡೆಯಿತು.

ಅಂದಮೇಲೆ ಹುಳುವಿನ ಬಲ ಜಾತಕದ ಉದ್ದದಲ್ಲಿಲ್ಲ, ಅದು ಪೀಳಿಗೆಯಿಂದ ಪೀಳಿಗೆಗೆ ದಾಟುವ ರೀತಿಯಲ್ಲಿದೆ. ಬರೀ ಔಷಧಿ ನಂಬಿದರೆ ಸಾಲದು. ಊರಲ್ಲಿ ತೋಟ ಇರುವವರು ಕೊಯ್ಲಿನ ನಂತರ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣನ್ನೆಲ್ಲ ಆರಿಸಿ ತೆಗೆಯಲೇಬೇಕು. ಇನ್ನು ಇಲ್ಲಿ, ನಿಮ್ಮ ಅಕ್ಕಿಗೆ? ಒಣಗಿದ, ಗಾಳಿಯಾಡದ ಡಬ್ಬಿ ಇರಲಿ. ಬೇಕಾದಷ್ಟೇ ಕೊಳ್ಳಿ.